ಕೆರೆ ಕಡೆಯ ಗೋಲು

ಯಶವಂತಪುರದ ನಮ್ಮ ನೂಲಿನ ಗಿರಣಿಗೆ ಒಂದು ಫುಟ್‌ಬಾಲ್ ತಂಡವಿತ್ತು. ದೊಡ್ಡ ತಂಡವೇನಲ್ಲ. ಬೆಂಗಳೂರಿನ ಗಿರಣಿ, ಕಾರ್ಖಾನೆಗಳು ಸೇರಿ ನಡೆಸುತ್ತಿದ್ದ ಲೀಗಿನಲ್ಲಿ ಎರಡನೇ ದರ್ಜೆಯದು. ಮೇಲಿನ ದರ್ಜೆಯ ಹೊಸಿಲವರೆಗೆ ಹೋಗಿ ಹಿಂದಿರುಗುವುದು ಅದಕ್ಕೆ ಅಭ್ಯಾಸವಾಗಿಬಿಟ್ಟಿತ್ತು. ಐವತ್ತರ ದಶಕ ಮುಗಿಯುವ ಹೊತ್ತಿಗೆ ತಂಡವೇ ಇಲ್ಲವಾಯಿತು. ಅದನ್ನು ಮುಗಿಸಿದವನು ನಾನು ಎಂದು ಹೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ನಾನು ಬಾಯ್ಲರ್ ಮನೆಯ ಫೋರ್‌ಮನ್. ಚೆಂಡು ಒದ್ದವನಲ್ಲ. ಆದರೆ ತಂಡದ ಮೈದಾನ ನಮ್ಮ ಬೂದಿಯಿಂದ ಆದದ್ದು. ಗಿರಣಿಯ ಹಿಂದೆ, ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ಕೆರೆಯ ಹಿನ್ನೀರಿನ ಜೊಂಡು, ಇವೆರಡರ ನಡುವೆ ತಗ್ಗಾಗಿದ್ದ ಜಮೀನಿಗೆ ನಾನು ಸೇರುವ ಮೊದಲೇ ಗಾಡಿಗಟ್ಟಲೆ ಬೂದಿ, ಸುಟ್ಟ ಕಲ್ಲಿದ್ದಲಿನ ಕಿಟ್ಟ ಸುರಿದು, ಮೇಲೆ ಕೆಮ್ಮಣ್ಣು ಹರಡಿ ಸಮ ಮಾಡಿದ್ದರು. ಪ್ರತಿ ಮಳೆಗಾಲದಲ್ಲೂ ಅದು ಅಲ್ಲಲ್ಲಿ ಕೂರುತ್ತಿತ್ತು. ಕೂತ ಕಡೆ ನಮ್ಮ ಜನ ಹೋಗಿ ಬೂದಿ ತುಂಬಿ ರೋಲರ್ ಎಳೆಯುತ್ತಿದ್ದರು. ಹಾಗಾಗಿ ತಂಡ ನೋಡಿಕೊಳ್ಳುತ್ತಿದ್ದ ಮ್ಯಾನೇಜರು ಬೇರೆ ಊರಿಗೆ ವರ್ಗವಾಗಿ ಹೋದಾಗ ವೆಲ್ಫೇರ್ ಆಫೀಸರಿಗೆ ಕಂಡದ್ದು ನಾನು.

"ಮೈದಾನ ನಿಮ್ಮದೇ ಅಲ್ವೇನ್ರೀ. ತಂಡಾನೂ ನೀವೇ ನೋಡ್ಕೊಳ್ಳಿ," ಎಂದರು. ಆಮೇಲೆ ದನಿ ತಗ್ಗಿಸಿ, "ಇದೊಂದು ಸೀಸನ್ ನೋಡಿ, ಮೇಲಿನ ದರ್ಜೆಗೆ ಹೋಗಲಿಲ್ಲ ಅಂದ್ರೆ ಮುಚ್ಚಿಬಿಡ್ತಾರೆ. ಆಟಕ್ಕೇಂತ ತಗೊಂಡಿರೋ ಹುಡುಗರನ್ನ ಕಾಯಂ ಮಾಡಲ್ಲ, ಕಳಿಸಿಬಿಡ್ತಾರೆ. ಇದನ್ನ ಅವರಿಗೆ ಹೇಳ್ಬೇಡಿ, ಕಾಲು ನಡುಗುತ್ತೆ," ಎಂದರು.

ಹುಡುಗರಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು. ಮೊದಲ ದಿನ ಕ್ಯಾಪ್ಟನ್ ಬಂದು ನನ್ನೆದುರು ನಿಂತ. ದಂಡು ಪ್ರದೇಶದ ಹುಡುಗ, ಮನೆಮಾತು ತಮಿಳು, ಕುಳ್ಳಗಿದ್ದರೂ ಎದೆ ಅಗಲ. ಹಗಲಿಡೀ ಅರಳೆ ಹಿಂಜುವ ಕಾರ್ಡಿಂಗ್ ಖಾತೆಯಲ್ಲಿ ಹತ್ತಿಯ ಧೂಳು ಕುಡಿದು ಸಂಜೆ ಹುಬ್ಬಿನ ಮೇಲೆಲ್ಲ ಬಿಳಿ ಹೊತ್ತುಕೊಂಡು ಬರುತ್ತಿದ್ದ. ಮದುವೆಯಾಗಿ ಒಂದು ಕೂಸಿತ್ತು.

"ಸಾರ್, ನೀವು ಆಟ ಹೇಳ್ಕೊಡ್ಬೇಡಿ. ಆಟ ನಾನ್ ನೋಡ್ಕೋತೀನಿ. ಗ್ರೌಂಡ್ ಒಂದು ಸರಿಯಾಗ್ ಕೊಡಿ ಸಾಕು."

ನನಗೂ ಅದೇ ಬೇಕಿತ್ತು.

ಮುಂಗಾರಿಗೆ ಮುಂಚೆ ಮೈದಾನ ಸಿದ್ಧ ಮಾಡುವುದು ಹೀಗೆ: ಮೊದಲು ಹುಲ್ಲು ಸವರಿ, ತೆವರು ತಗ್ಗು ನೋಡಲು ಹಗ್ಗ ಕಟ್ಟಬೇಕು. ತಗ್ಗಿದ್ದ ಕಡೆ ಕಿಟ್ಟವನ್ನು ಕುಟ್ಟಿ ತುಂಬಿ, ನೀರು ಚಿಮುಕಿಸಿ, ಮೇಲೆ ಕೆಮ್ಮಣ್ಣು ಹಾಕಬೇಕು. ಅದು ಅರೆ ಒಣಗಿದಾಗ ರೋಲರ್ ಹಾಯಿಸಬೇಕು. ಕೊನೆಗೆ ಸುಣ್ಣದ ಗೆರೆ. ರೈಲು ಹಳಿ ಕಡೆಯದನ್ನು ಹಳಿ ಗೋಲು, ಜೊಂಡಿನ ಕಡೆಯದನ್ನು ಕೆರೆ ಗೋಲು ಎಂದು ಎಲ್ಲರೂ ಕರೆಯುತ್ತಿದ್ದರು. ಕೆರೆ ಗೋಲಿನ ಹಿಂದೆ ನೆಲ ಸ್ವಲ್ಪ ಏರಾಗಿತ್ತು. ಅಲ್ಲಿ ಬೆಂಚು ಹಾಕಿದರೆ ಕಾರ್ಮಿಕರ ಮನೆಯವರು ಮಕ್ಕಳನ್ನು ಕರೆತಂದು ಕೂತು ಆಟ ನೋಡುತ್ತಿದ್ದರು.

ಆ ಬೇಸಿಗೆಯಲ್ಲಿ ಎರಡು ವಿಷಯ ನನ್ನ ಗಮನಕ್ಕೆ ಬಂದವು. ಮೈದಾನವೆಲ್ಲ ಒಣಗಿ ಕಂದಾಗಿದ್ದಾಗ ಕೆರೆ ಗೋಲಿನ ಮುಂದೆ ಮಾತ್ರ ಹುಲ್ಲು ಹಸಿರಾಗಿತ್ತು. ಕೆರೆ ಹತ್ತಿರವಲ್ಲವೇ, ತೇವ ಇರುತ್ತದೆ ಎಂದುಕೊಂಡೆ. ಎರಡನೆಯದು ಚೆಂಡು. ಎತ್ತರದಿಂದ ಬಿದ್ದ ಚೆಂಡು ಎಲ್ಲ ಕಡೆ ಸೊಂಟದುದ್ದ ಪುಟಿದರೆ ಅಲ್ಲಿ ಮೊಣಕಾಲಿಗೂ ಏಳುತ್ತಿರಲಿಲ್ಲ. ಬಿದ್ದಲ್ಲೇ, ಯಾರೋ ಕೆಳಗಿನಿಂದ ಅಂಗೈ ಒಡ್ಡಿ ಹಿಡಿದ ಹಾಗೆ, ನಿಂತುಬಿಡುತ್ತಿತ್ತು. ರೋಲರನ್ನು ಇನ್ನೊಂದು ಸಲ ಹಾಯಿಸಿದೆ. ಫರಕಾಗಲಿಲ್ಲ.

ಆಮೇಲೆ ನಿಂಬೆಹಣ್ಣು ಕಾಣಿಸಿತು. ಒಂದು ಶುಕ್ರವಾರ ಬೆಳಿಗ್ಗೆ ಕೆರೆ ಗೋಲಿನ ಕಂಬದ ಬುಡದಲ್ಲಿ ಹೋಳು ಮಾಡಿ ಕುಂಕುಮ ಹಚ್ಚಿದ ನಿಂಬೆಹಣ್ಣು, ಪಕ್ಕದಲ್ಲಿ ಒಂದು ಹಿಡಿ ರಾಗಿ. ಮುಂದಿನ ಶುಕ್ರವಾರವೂ ಇತ್ತು. ಎದುರು ತಂಡದವರು ಮಾಟ ಮಾಡಿಸಿದ್ದಾರೆ ಎಂದು ಹುಡುಗರಲ್ಲಿ ಗುಸುಗುಸು ಶುರುವಾಯಿತು. ನಾನು ನಕ್ಕು ಕಾಲಿನಿಂದ ಸರಿಸಹೋದೆ. ಗೋಲ್‌ಕೀಪರ್ ನನ್ನ ತೋಳು ಹಿಡಿದುಕೊಂಡ.

ಈ ಗೋಲ್‌ಕೀಪರ್ ಕೊಡಿಗೇಹಳ್ಳಿಯ ಒಕ್ಕಲುಮಕ್ಕಳ ಮನೆಯವನು. ದಿನಾ ಸೈಕಲ್ ಮೇಲೆ ಬರುತ್ತಿದ್ದ. ಉದ್ದ ಕೈ, ಮಾತು ಕಡಿಮೆ. ಆ ಹೊತ್ತಿಗೆ ಲೀಗಿನಲ್ಲಿ ಬೂಟು ಕಡ್ಡಾಯವಾಗಿತ್ತು, ಆದರೆ ಅಭ್ಯಾಸಕ್ಕೆ ಅವನು ಬರಿಗಾಲಲ್ಲೇ ನಿಲ್ಲುತ್ತಿದ್ದ.

"ತುಳೀಬ್ಯಾಡಿ ಸಾರ್. ಅದು ಮಾಟ ಅಲ್ಲ," ಎಂದ.

"ಮತ್ತೇನು?"

"ಗೊತ್ತಿಲ್ಲ. ಮಾಟಕ್ಕೆ ರಾಗಿ ಇಡಾಕಿಲ್ಲ."

ಅವತ್ತು ಸಂಜೆ ಅಭ್ಯಾಸ ಮುಗಿದ ಮೇಲೆ ಅವನೊಬ್ಬನೇ ಕೆರೆ ಗೋಲಿನ ಬಾಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ನಾನು ಹತ್ತಿರ ಹೋದೆ.

"ಇಲ್ಲಿ ಕಪ್ಲೆ ಒಡ್ದಂಗೆ ಕೇಳ್ತದೆ ಸಾರ್," ಎಂದ.

ಎತ್ತು ಕಟ್ಟಿ ಚರ್ಮದ ಬಾನಿಯಿಂದ ಬಾವಿಯ ನೀರೆತ್ತುವ ಕಪಿಲೆಯ ಸದ್ದು ಆಗಿನ ಕಾಲದಲ್ಲಿ ಹೆಬ್ಬಾಳದಿಂದ ಯಲಹಂಕದವರೆಗೆ ತೋಟಗಳಲ್ಲೆಲ್ಲ ಕೇಳುತ್ತಿತ್ತು. ಗಾಲಿ ಕಿರ್ರನೆ ಅತ್ತು, ನಿಂತು, ಮತ್ತೆ ಅಳುವ ಸದ್ದು. "ಯಾವುದಾದ್ರೂ ತೋಟದ್ದಿರ್ಬೇಕು," ಎಂದೆ.

"ಕಿವೀಲಿ ಕೇಳಾಕಿಲ್ಲ ಸಾರ್. ಕಾಲಲ್ಲಿ ಕೇಳ್ತದೆ. ಬೂಟ್ ಆಕಂಡ್ರೆ ಇಲ್ಲ."

ನಾನು ಚಪ್ಪಲಿ ಬಿಡಲಿಲ್ಲ. ಸಂಜೆಯಾಗಿದೆ, ಮನೆಗೆ ಹೋಗು ಎಂದು ಕಳಿಸಿದೆ.

ಸೀಸನ್ ಶುರುವಾಯಿತು. ಹೊರಗಿನ ಮೈದಾನಗಳಲ್ಲಿ ನಾವು ಗೆಲ್ಲುತ್ತಿದ್ದೆವು. ಗಿರಣಿಯ ಲಾರಿಯಲ್ಲಿ ನಿಂತುಕೊಂಡು ಹೋಗಿ, ಒದ್ದು ಗೆದ್ದು, ಹಾಡಿಕೊಂಡು ಬರುತ್ತಿದ್ದೆವು. ನಮ್ಮ ಮನೆಯ ಮೈದಾನದಲ್ಲೇ ಕಷ್ಟ. ಕೆರೆ ಗೋಲು ಕಾಯುವ ಪಾಳಿ ನಮ್ಮದಾದಾಗ ಬ್ಯಾಕ್‌ಗಳಿಬ್ಬರೂ ತಮಗೇ ಗೊತ್ತಿಲ್ಲದೆ ಮುಂದೆ ಮುಂದೆ ಬಂದುಬಿಡುತ್ತಿದ್ದರು. ಗೋಲಿನ ಮುಂದೆ ಅಷ್ಟು ಜಾಗ ಖಾಲಿ. ಎದುರಾಳಿ ಫಾರ್ವರ್ಡ್‌ಗಳಿಗೂ ಅಲ್ಲಿ ಚೆಂಡು ಪುಟಿಯದೆ ಕಾಲು ತಪ್ಪುತ್ತಿತ್ತು. ಒಮ್ಮೆ ಅವರ ಸೆಂಟರ್ ಫಾರ್ವರ್ಡ್ ಖಾಲಿ ಗೋಲಿನೆದುರು ಒದೆಯದೆ ನಿಂತುಬಿಟ್ಟ. ಅವನ ಕಡೆಯವರು ಬೈದರೆ, "ಯಾರೋ ಹಿಂದಿಂದ ಬಂದಂಗಾಯ್ತು," ಎಂದ. ಹಿಂದೆ ಯಾರೂ ಇರಲಿಲ್ಲ.

ಕ್ಯಾಪ್ಟನ್‌ಗೆ ತಲೆಕೆಟ್ಟಿತು. "ನಿಂಬೆಹಣ್ಣು ಇಡೋರ್ನ ಹಿಡೀತೀನಿ ಸಾರ್. ಹಿಡಿದು ಎಲ್ಲರ ಮುಂದೆ ತೋರಿಸ್ತೀನಿ. ಆಗ ಇವರ ಭಯ ಹೋಗುತ್ತೆ." ಅದು ಸರಿಯಾದ ಮಾತೆನಿಸಿತು. ಮುಂದಿನ ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ರೋಲರಿನ ಹಿಂದೆ ಕೂತೆವು.

ಕೆರೆಯಿಂದ ಮಂಜು ಎದ್ದು ಮೈದಾನದ ಅರ್ಧದವರೆಗೆ ಬಂದಿತ್ತು. ಗೋಲಿನ ಕಂಬಗಳಿಗೆ ಬುಡವೇ ಇಲ್ಲ, ಅಡ್ಡಪಟ್ಟಿ ಮಾತ್ರ ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು. ಆ ಮಂಜಿನೊಳಗೆ ಬಿಳಿ ಸೀರೆಯೊಂದು ಬಾಗಿತು, ಎದ್ದಿತು, ಗೋಲಿನ ಮುಂದೆ ಅತ್ತಿಂದಿತ್ತ ನಡೆಯಿತು, ಏನನ್ನೋ ಕಳಕೊಂಡು ಹುಡುಕುವ ಹಾಗೆ. ಕ್ಯಾಪ್ಟನ್ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ನನಗೆ ಆಮೇಲೆ ತಿಳಿಯಿತು, ಉಗುರಿನ ಗುರುತು ನೋಡಿದಾಗ.

ಹತ್ತಿರ ಹೋದರೆ ಒಬ್ಬ ಮುದುಕಿ. ಗಾಬರಿಪಡಲಿಲ್ಲ. ನಮ್ಮನ್ನು ನೋಡಿ ಸೆರಗು ಸರಿಮಾಡಿಕೊಂಡರು.

"ಯಾಕಮ್ಮಾ ಇಲ್ಲಿ ಇದನ್ನೆಲ್ಲ ಇಡ್ತೀರಾ?" ಎಂದು ಕೇಳಿದೆ.

"ಇದು ನಮ್ಮ ತೋಟ ಆಗಿತ್ತು ಕಣಪ್ಪ. ಗಿರಣಿಯೋರು ತಗಂಡ್ರು. ಈಗ ನಾನು ಅಮೃತಹಳ್ಳಿ ತಾವ ನನ್ನ ಮಗಳ ಮನೇಲಿವ್ನಿ. ಇಲ್ಲಿ ನಮ್ಮ ಕಪ್ಲೆ ಬಾವಿ ಇತ್ತು. ಗಂಗಮ್ಮನ್ನ ಉಸ್ರಿದ್ದಂಗೇ ಮುಚ್ಚಿಬಿಟ್ರು. ನೀರಿರೋ ಬಾವಿ ಮುಚ್ಚಬಾರ್ದು. ಅದಕ್ಕೇ ಬತ್ತೀನಿ."

"ಬಾವಿ ಎಲ್ಲಿತ್ತು?"

ಅವರು ಸುತ್ತ ನೋಡಿದರು. ಕೈ ಎತ್ತಿದರು, ಇಳಿಸಿದರು. "ಅದೇ ಗೊತ್ತಾಗಾಕಿಲ್ಲ. ಉಣಿಸೇ ಮರ ಇತ್ತು, ಕಡಿದ್ರು. ಬದ ಇತ್ತು, ಅದೂ ಓಯ್ತು. ಎಲ್ಲಾ ಒಂದೇ ಸಮ ಮಾಡವ್ರೆ. ಇಲ್ಲೇ ಎಲ್ಲೋ. ಕೈ ಮುಗಿಯಾಕೆ ನಿಂತಿರಾದು ಈ ಕಂಬ ಒಂದೇ, ಅದಕ್ಕೇ ಇದರ ತಾವ ಇಡ್ತೀನಿ."

ಕ್ಯಾಪ್ಟನ್ ಅಜ್ಜಿಯನ್ನು ತಮಿಳಿನಲ್ಲೇ ಕರೆದು ಮೆತ್ತಗೆ ಕೇಳಿದ, "ಕಪಿಲೆ ಗಾಲಿ ಏನಾಯ್ತು ಪಾಟೀ?"

"ಅದನ್ನ ಆವತ್ತೇ ಬಿಚ್ಚಿ ಬ್ಯಾಟರಾಯನಪುರದೋರಿಗೆ ಕೊಟ್ವಲ್ಲ. ಯಾಕಪ್ಪ?"

ಅವನು ನನ್ನ ಮುಖ ನೋಡಿದ. ಗೋಲ್‌ಕೀಪರ್ ಅವನಿಗೂ ಆ ಸದ್ದಿನ ವಿಷಯ ಹೇಳಿರಬೇಕು.

ಹುಡುಗರಿಗೆ ಮುದುಕಿಯ ವಿಷಯ ಹೇಳಿದ ಮೇಲೆ ಮಾಟದ ಮಾತು ನಿಂತಿತು. ಆದರೆ ನನಗೆ ಬೇರೆ ಯೋಚನೆ ಹತ್ತಿತು. ಮುಚ್ಚಿದ ಬಾವಿಯೊಂದು ಆ ನೆಲದಡಿ ಎಲ್ಲೋ ಇದೆ. ಅದನ್ನು ಏನು ಹಾಕಿ ಮುಚ್ಚಿದರು? ವೆಲ್ಫೇರ್ ಆಫೀಸರನ್ನು ಕೇಳಿದೆ. ಅವರು ಉಡಾಫೆ ಮಾಡುವ ಮನುಷ್ಯರಲ್ಲ.

"ನಾನೇ ನಿಂತು ನೋಡಿದ್ದೀನ್ರೀ. ಬಂಡೆ ಹಾಕಿಸಿ, ಮೇಲೆ ಬೂದಿ, ಆಮೇಲೆ ಮಣ್ಣು. ಒಂದು ತಿಂಗಳು ಗಾಡಿ ಓಡಿದೆ. ಬೇಕಾದ್ರೆ ಆನೆ ನಿಲ್ಲಿಸಿ."

"ಬಂಡೆ ತಳಮುಟ್ಟ ಹಾಕಿದ್ರಾ ಸಾರ್? ನಡುವೆ ಹತ್ತಿ ಕಸ, ಮರದ ಕೊಂಬೆ ಏನಾದ್ರೂ?"

"ಹುಣಿಸೆಮರ ಕಡಿದ್ರಲ್ಲ, ಅದನ್ನ ಒಳಗೇ ತಳ್ಳಿದ್ರು ಅನ್ಸುತ್ತೆ. ಆದ್ರೆ ಅದರ ಮೇಲೆ ಬಂಡೆ ಬಿದ್ದಿದೆ."

ಬಾಯ್ಲರ್ ಮನೆಯಲ್ಲಿ ಬೂದಿಯ ಗುಣ ಎಲ್ಲರಿಗೂ ಗೊತ್ತು. ಒಣಗಿದ್ದಾಗ ಕಲ್ಲಿನ ಹಾಗೆ ಕೂತಿರುತ್ತದೆ. ಒಳಗಿನಿಂದ ನೀರು ತಗುಲಿದರೆ ಮೇಲೆ ಹೊರಪದರ ಹಾಗೇ ಉಳಿದು ಒಳಗೆ ಕರಗಿ ಜಾರುತ್ತದೆ. ಬೂದಿಗುಂಡಿಯ ಮೇಲೆ ಗಟ್ಟಿ ಎಂದು ಕಾಲಿಟ್ಟು ಸೊಂಟದವರೆಗೆ ಇಳಿದವರನ್ನು ನಾನು ಎಳೆದು ಹಾಕಿದ್ದೇನೆ. ಕೆಳಗಿನ ಮರ ಕೊಳೆತು, ಬಂಡೆ ಇಳಿದು, ನಡುವೆ ಪೊಳ್ಳಾಗಿದ್ದರೆ?

ಹಾರೆ ತೆಗೆದುಕೊಂಡು ಹೋಗಿ ಕೆರೆ ಗೋಲಿನ ಮುಂದೆ ಮೊಳಕ್ಕೊಂದರಂತೆ ಕುಟ್ಟಿ ನೋಡಿದೆ. ಒಂದು ಕಡೆ ಕಿಟ್ಟ ಠಣ್ ಎಂದಿತು. ಒಂದು ಕಡೆ ಹಾರೆ ಮೆತ್ತಗೆ ಇಳಿದು ನಿಂತಿತು. ಇನ್ನೊಂದು ಕಡೆ ಕಲ್ಲು. ಗಟ್ಟಿಯೆಂದೂ ಹೇಳುವಂತಿಲ್ಲ, ಪೊಳ್ಳೆಂದೂ ಹೇಳುವಂತಿಲ್ಲ. ಸುತ್ತ ಯಾರೂ ಇಲ್ಲದ್ದು ನೋಡಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತೆ.

ಮೊದಲು ಏನೂ ಇರಲಿಲ್ಲ. ಆಮೇಲೆ ಅಂಗಾಲಿನ ಮಧ್ಯದಲ್ಲಿ, ನರ ಎಳೆದಂತೆ, ಒಂದು ನಡುಕ. ನಿಂತಿತು. ಮತ್ತೆ ಬಂತು. ಎಳೆತ, ಬಿಡುವು, ಎಳೆತ. ಎತ್ತು ಇಳಿಜಾರಿನಲ್ಲಿ ಇಳಿದು, ಹಿಂದೆ ಹತ್ತಿ, ಮತ್ತೆ ಇಳಿಯುವ ಲಯ. ಹಲವು ಗಿರಣಿಗಳಲ್ಲಿ ಸುಮಾರು ಮೂವತ್ತು ವರ್ಷ ಯಂತ್ರಗಳ ನಡುಕವನ್ನು ಅಂಗೈಯಿಂದ ಓದಿ ಬದುಕಿದವನು ನಾನು. ಗಿರಣಿಯ ಎಂಜಿನ್ನಿನದಲ್ಲ ಅದು, ರೈಲಿನದಲ್ಲ. ಚಪ್ಪಲಿ ಮೆಟ್ಟಿಕೊಂಡು ಬೇಗ ಬೇಗ ಬಂದುಬಿಟ್ಟೆ. ಹಿಂದಿರುಗಿ ನೋಡಲಿಲ್ಲ.

ಇದನ್ನು ಯಾರಿಗೆ ಹೇಳುವುದು? ನಮ್ಮ ಹುಡುಗರು ಗೆಲ್ಲುತ್ತಲೇ ಇದ್ದರು. ಕ್ಯಾಪ್ಟನ್ ಅವರನ್ನು ಹೊಡೆದು ಬಡಿದು ಹೊಂದಿಸಿಬಿಟ್ಟಿದ್ದ. ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ ಬಿತ್ತು, ಗೆದ್ದವರು ಮೇಲಿನ ದರ್ಜೆಗೆ. ಸೋತರೆ, ಡ್ರಾ ಆದರೂ, ತಂಡ ಇಲ್ಲ. ಪಂದ್ಯವನ್ನು ಬೇರೆ ಮೈದಾನಕ್ಕೆ ಹಾಕಿಸಿ ಎಂದು ಲೀಗಿನವರನ್ನು ಕೇಳಿಕೊಂಡೆ. ಕಾರಣ ಏನೆಂದರು. ನೆಲ ಮೆತ್ತಗಿದೆ ಎಂದೆ. ಮಳೆಗಾಲದಲ್ಲಿ ಎಲ್ಲರ ನೆಲವೂ ಮೆತ್ತಗಿರುತ್ತದೆ ಎಂದರು.

ಪಂದ್ಯದ ಹಿಂದಿನ ವಾರ ಪೂರ್ತಿ ಮಳೆ. ಕೆರೆ ತುಂಬಿ ಜೊಂಡು ಮುಳುಗಿತು. ಪಂದ್ಯದ ದಿನ ಬೆಳಿಗ್ಗೆ ಮಳೆ ಹೊಳವಾಗಿ ಬಿಸಿಲು ಬಂತು. ಗೆರೆ ಎಳೆಯುವ ಮೊದಲು ಇನ್ನೊಮ್ಮೆ ನೋಡಿಬಿಡೋಣವೆಂದು ಒಬ್ಬನೇ ಹಾರೆ ಹಿಡಿದು ಹೋದೆ. ಗೋಲಿನ ಗೆರೆಯಿಂದ ಸ್ವಲ್ಪ ಮುಂದೆ, ಹುಲ್ಲು ಹಸಿರಾಗಿದ್ದಲ್ಲಿ, ಎತ್ತಿ ಹಾಕಿದೆ.

ಹಾರೆ ನಿಲ್ಲಲಿಲ್ಲ. ಕೈಯಿಂದ ಜಾರಿ ನೆಲದೊಳಗೆ ಇಳಿದು ಹೋಯಿತು. ಎಳೆದುಕೊಂಡ ಹಾಗೆ. ಬೆರಳು ಉರಿಯುತ್ತಿತ್ತು. ಮೊಣಕಾಲೂರಿ ಕಿವಿಗೊಟ್ಟೆ. ಬಿದ್ದ ಸದ್ದು ಬರಲೇ ಇಲ್ಲ. ಕಣ್ಣೆದುರಿಗೇ ಆ ತೂತಿಗೆ ಸುತ್ತಲ ಬೂದಿಯ ಕೆಸರು ಜಾರಿ ಬಾಯಿ ಮುಚ್ಚಿಕೊಂಡಿತು. ಹುಲ್ಲಿನಲ್ಲಿ ಒಂದು ಬೆರಳಗಲದ ಕಪ್ಪು ಗುರುತು ಬಿಟ್ಟರೆ ಏನೂ ಉಳಿಯಲಿಲ್ಲ.

ಆಫೀಸರು ಬಂದರು. ರೆಫರಿ ಬಂದರು. ಎದುರು ತಂಡದವರು ಲಾರಿಯಿಂದ ಇಳಿದು ಬಟ್ಟೆ ಬದಲಿಸುತ್ತಿದ್ದರು. ಬೆಂಚುಗಳ ಮೇಲೆ ಆಗಲೇ ಹೆಂಗಸರು ಮಕ್ಕಳು ಬಂದು ಕೂತಿದ್ದರು. ನಾನು ನಡೆದದ್ದು ಹೇಳಿದೆ.

"ಹಾರೆ ಎಲ್ಲಿ?" ಎಂದು ಆಫೀಸರು ಕೇಳಿದರು.

"ಒಳಗೆ ಹೋಯ್ತು ಸಾರ್."

ಇನ್ನೊಂದು ಹಾರೆ ತರಿಸಿದರು. ಗುರುತಿನ ಪಕ್ಕದಲ್ಲೇ ಹಾಕಿಸಿದರು. ಠಣ್ ಎಂದು ಕಲ್ಲಿಗೆ ತಾಗಿ ಪುಟಿಯಿತು. ಇನ್ನೊಂದು ಕಡೆ ಹಾಕಿದರು, ಅಲ್ಲೂ ಗಟ್ಟಿ. ರೆಫರಿ ನನ್ನ ಮುಖ ನೋಡಿ, "ಹೆಗ್ಗಣದ ಬಿಲ ಇರ್ಬೇಕು ಬಿಡಿ," ಎಂದರು.

"ಗೋಲನ್ನ ಈ ಕಡೆ ತಂದು ಹಾಕೋಣ. ಮೈದಾನ ಸ್ವಲ್ಪ ಚಿಕ್ಕದಾಗುತ್ತೆ ಅಷ್ಟೇ," ಎಂದೆ.

"ಅಳತೆ ಕಮ್ಮಿ ಆದ್ರೆ ಪಂದ್ಯಾನೇ ಅಲ್ಲ," ಎಂದರು ರೆಫರಿ. ಅವರು ಹೇಳಿದ್ದು ನಿಯಮ. ಹಳಿ ಕಡೆಗೆ ಸರಿಸಲು ಜಾಗವಿರಲಿಲ್ಲ. ಮನೆಯ ತಂಡ ಮೈದಾನ ಒದಗಿಸದಿದ್ದರೆ ಪಂದ್ಯ ಎದುರಾಳಿಯದು.

ಕ್ಯಾಪ್ಟನ್ ನೇರವಾಗಿ ಹೋಗಿ ಆ ಕಪ್ಪು ಗುರುತಿನ ಮೇಲೇ ನಿಂತ. ಎರಡೂ ಕಾಲು ಎತ್ತಿ ಹಾರಿದ. ಬೂಟಿನ ಮೊಳೆ ಹುಲ್ಲಿಗೆ ಕಚ್ಚಿತು. ಮತ್ತೆ ಹಾರಿದ, ಮತ್ತೆ. ಬೆಂಚಿನ ಮೇಲಿದ್ದ ಮಕ್ಕಳು ನಕ್ಕು ಚಪ್ಪಾಳೆ ಹೊಡೆದರು.

"ನೋಡಿ ಸಾರ್. ಏನಾಯ್ತು? ಏನೂ ಆಗಲ್ಲ. ಆಡೋಣ ಸಾರ್."

ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಬೇಡಿಕೆ. ನೆಲ ಅವನನ್ನು ಹೊತ್ತಿತ್ತು. ಎಲ್ಲರೂ ನೋಡಿದ್ದರು. ಇನ್ನು ನನ್ನ ಕೈಯಲ್ಲಿ ಉಳಿದದ್ದು ಉರಿಯುವ ಬೆರಳು ಮಾತ್ರ. ಆಗಲಿ ಎನ್ನುವುದರಲ್ಲಿದ್ದೆ.

ಗೋಲ್‌ಕೀಪರ್ ಬೂಟು ಕಳಚಿ ಗೋಲಿನ ಬಾಯಲ್ಲಿ ನಿಂತಿದ್ದ. ನಾನು ಅವನ ಹತ್ತಿರ ಹೋದೆ.

"ಕೇಳ್ತಿದೆಯಾ?"

"ಇಲ್ಲ ಸಾರ್." ಅವನ ತುಟಿ ಬೆಳ್ಳಗಾಗಿತ್ತು. "ಇವತ್ತು ಏನೂ ಇಲ್ಲ. ಬೆಳಿಗ್ಗಿಂದ ನಿಂತೋಗದೆ. ಇಂಗೆ ಯಾವತ್ತೂ ಆಗಿರ್ನಿಲ್ಲ."

ಸದ್ದು ಮಾಡುವ ಬಾಯ್ಲರಿಗೆ ನಾನು ಯಾವತ್ತೂ ಹೆದರಿದವನಲ್ಲ. ಸೋರುತ್ತಿದ್ದರೆ, ಗುಡುಗುತ್ತಿದ್ದರೆ, ಅದು ಏನು ಕೇಳುತ್ತಿದೆ ಎಂದು ಗೊತ್ತಾಗುತ್ತದೆ. ದಿನವೂ ಸದ್ದು ಮಾಡುವುದು ಒಂದು ದಿನ ಸುಮ್ಮನಾದರೆ ಮೊದಲು ಜನರನ್ನು ಹೊರಗೆ ಕಳಿಸಬೇಕು, ಆಮೇಲೆ ಕಾರಣ ಹುಡುಕಬೇಕು. ನನಗೆ ಕೆಲಸ ಕಲಿಸಿದವರು ಕಲಿಸಿದ್ದೂ ಅಷ್ಟೇ, ನಾನು ಕಲಿತದ್ದೂ ಅಷ್ಟೇ.

ಹಿಂದಿರುಗಿ ಬಂದು ರೆಫರಿಗೆ ಹೇಳಿದೆ, "ನಮ್ಮ ತಂಡ ಆಡಲ್ಲ. ಮೈದಾನ ಕೊಡಲ್ಲ."

ಆಫೀಸರು ನನ್ನನ್ನು ಪಕ್ಕಕ್ಕೆ ಕರೆದರು. "ಯೋಚನೆ ಮಾಡಿ ಹೇಳ್ತಿದ್ದೀರಾ? ಇವರೆಲ್ಲ ನಾಳೆ ಬೀದೀಲಿರ್ತಾರೆ."

"ಯೋಚನೆ ಮಾಡಿದ್ದೀನಿ ಸಾರ್. ದಿನಾ ಗೋಲ್‌ಕೀಪರ್ ಕಾಲಿಗೆ ಕೇಳ್ತಿದ್ದ ಸದ್ದು ಇವತ್ತು ನಿಂತಿದೆ."

"ಕಾರಣ ಏನಂತ ಬರೀಲಿ ನಾನು? ಗೋಲ್‌ಕೀಪರ್‌ಗೆ ಸದ್ದು ಕೇಳಲಿಲ್ಲ ಅಂತಾನಾ?"

"ಮೈದಾನದ ಜವಾಬ್ದಾರಿ ಇರೋನು ಒಪ್ಪಲಿಲ್ಲ ಅಂತ ಬರೀರಿ."

ಬೆಂಚುಗಳ ಹತ್ತಿರ ನಾನೇ ಹೋಗಿ ಹೆಂಗಸರು ಮಕ್ಕಳನ್ನು ಎಬ್ಬಿಸಿದೆ. ಎದುರು ತಂಡದವರು ಶಿಳ್ಳೆ ಹಾಕಿದರು. ನಮ್ಮ ಹುಡುಗರು ಯಾರೂ ನನ್ನ ಕಡೆ ನೋಡಲಿಲ್ಲ. ಕ್ಯಾಪ್ಟನ್ ಮೈದಾನದ ನಡುವೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಗಂಟು ಬಿದ್ದಿತ್ತು. ಬಹಳ ಹೊತ್ತು ಬಿಚ್ಚುತ್ತಲೇ ಇದ್ದ.

ಆಫೀಸರು ಹೇಳಿದ ಹಾಗೇ ಆಯಿತು. ಲೀಗು ನಮ್ಮ ಹೆಸರು ತೆಗೆಯಿತು. ಆಟಕ್ಕೆಂದು ಸೇರಿದವರನ್ನು ತಿಂಗಳೊಳಗೆ ಕಳಿಸಿದರು. ಗೋಲ್‌ಕೀಪರ್ ಕೊಡಿಗೇಹಳ್ಳಿಯ ಮನೆಯ ರಾಗಿ ಹೊಲಕ್ಕೆ ಹಿಂದಿರುಗಿದ. ಕ್ಯಾಪ್ಟನ್ ದಂಡಿನಲ್ಲಿ ಲಾರಿ ರಿಪೇರಿಯ ಗ್ಯಾರೇಜು ಸೇರಿದನೆಂದು ಕೇಳಿದೆ. ಹೋಗುವಾಗ ಉಳಿದವರೆಲ್ಲ ನನಗೆ ಒಂದು ಮಾತು ಹೇಳಿ ಹೋದರು. ಅವನು ಹೇಳಲಿಲ್ಲ.

ಗಿರಣಿಯಲ್ಲಿ ನನ್ನನ್ನು 'ಹೆಗ್ಗಣದ ಫೋರ್‌ಮನ್' ಎಂದು ಕರೆಯತೊಡಗಿದರು. ನಾನು ಕೆರೆ ಗೋಲಿನ ಸುತ್ತ ಮುಳ್ಳು ಹಾಕಿಸಿದೆ. ಯಾರೋ ಸೌದೆಗೆ ಎಳೆದುಕೊಂಡು ಹೋದರು. ಮತ್ತೆ ಹಾಕಿಸಿದೆ, ಮತ್ತೆ ಹೋಯಿತು. ಅಲ್ಲಿ ಎಮ್ಮೆ ಮೇಯುತ್ತಿದ್ದವು, ಬಟ್ಟೆ ಒಣಗುತ್ತಿತ್ತು. ಏನೂ ಆಗಲಿಲ್ಲ. ಮಳೆ ನಿಂತು ನೆಲ ಒಣಗುತ್ತ ಬಂತು. ಎಷ್ಟೋ ಸಲ ಕೆಲಸ ಮುಗಿಸಿ ಆ ಕಡೆ ಹೋಗಿ ನಿಂತು ನೋಡಿದ್ದೇನೆ. ಏನಾದರೂ ಆಗಲಿ ಎಂದು ಬಯಸಿದ್ದೂ ಉಂಟು. ಆಮೇಲೆ ನನಗೇ ಹೆದರಿಕೆಯಾಗಿ ಬೇಗ ಹಿಂದಿರುಗಿದ್ದೇನೆ. ಆ ಹನ್ನೊಂದು ಮಂದಿಯ ಅನ್ನ ಕಿತ್ತುಕೊಂಡದ್ದು ಒಂದು ಬಿಲದ ಸಲುವಾಗಿಯೋ ಏನೋ ಎಂಬ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಿಂದಿನ ಗೇಟಿನ ಕಾವಲುಗಾರ ಬಾಯ್ಲರ್ ಮನೆಗೆ ಬಂದ.

"ಫೋರ್‌ಮನ್ನೋರೇ, ಗೋಲಿನ ಕಂಬ ಕದ್ದವ್ರೆ."

"ಯಾವ ಕಡೇದು?"

"ಕೆರೆ ಕಡೇದು. ಬುಡ ಸಮೇತ ಕಿತ್ಕೊಂಡು ಓಗವ್ರೆ. ಒಂದ್ ಚೂರೂ ಸದ್ದಾಗ್ನಿಲ್ಲ ಸಾರ್, ನಾನು ಇಲ್ಲೇ ಇದ್ನಲ್ಲ."

ಅವನೊಡನೆ ಹೋದೆ. ದೂರದಿಂದ ನೋಡಿದರೆ ಕಂಬಗಳು ಇರಲಿಲ್ಲ, ನಿಜ. ನೆಲದ ಮೇಲೆ ಒಂದು ಬಿಳಿ ಗೆರೆ ಕಾಣುತ್ತಿತ್ತು. ಯಾರು ಹೊಸದಾಗಿ ಸುಣ್ಣದ ಗೆರೆ ಎಳೆದರು ಎಂದುಕೊಂಡೆ. ಇನ್ನಷ್ಟು ಹತ್ತಿರ ಹೋಗಿ, ಕಾವಲುಗಾರನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ.

ಅದು ಗೆರೆಯಲ್ಲ, ಗೋಲಿನ ಅಡ್ಡಪಟ್ಟಿ. ಹುಲ್ಲಿನ ಮಟ್ಟಕ್ಕೆ ಸರಿಯಾಗಿ ನಿಂತಿತ್ತು. ಅದರ ಕೆಳಗೆ ಎರಡು ಕಂಬಗಳು, ಒಂದಿಷ್ಟೂ ವಾಲದೆ, ನೆಟ್ಟ ಹಾಗೇ ಕತ್ತಲೊಳಗೆ ಇಳಿದು ನಿಂತಿದ್ದವು. ಗೋಲು ಇದ್ದಹಾಗೇ ಇತ್ತು, ಅದನ್ನು ಹೊತ್ತ ನೆಲ ಮಾತ್ರ ಕುಸಿದು ಕೆಳಗಿಳಿದಿತ್ತು. ಪೆನಾಲ್ಟಿ ಗೆರೆಯವರೆಗೆ ಮುಂದಿನದೂ, ಹಿಂದೆ ಬೆಂಚು ಹಾಕುತ್ತಿದ್ದ ಏರೂ ಹೋಗಿತ್ತು. ಆಳದಲ್ಲಿ ಎಲ್ಲೋ ನೀರು ಹೊಳೆಯುತ್ತಿತ್ತು.

ಜನ ಸೇರಿದರು. ಆಫೀಸರು ಬಂದು ನೋಡಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. ಮುದುಕಿಗೆ ಸುದ್ದಿ ಹೇಗೆ ಮುಟ್ಟಿತೋ, ಮಗಳನ್ನು ಕರೆದುಕೊಂಡು ಬಂದರು. ಹಗ್ಗ ಕಟ್ಟಿದ ಆಚೆಯಿಂದ ಬಹಳ ಹೊತ್ತು ನೋಡಿದರು.

"ಇದೇ ಜಾಗಾನೇನಮ್ಮಾ?" ಎಂದೆ.

"ಜಾಗ ಇದೇ ಇರ್ಬೋದು." ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಆದ್ರೆ ನಮ್ಮ ಬಾವಿ ಇಷ್ಟು ದೊಡ್ಡದಿರ್ನಿಲ್ಲ ಕಣಪ್ಪ. ಇದರ ಕಾಲ್ಭಾಗಾನೂ ಇರ್ನಿಲ್ಲ."

ಕೈ ಮುಗಿಯಲಿಲ್ಲ. ಮಗಳ ಕೈ ಹಿಡಿದು ಹೊರಟುಹೋದರು. ಆಮೇಲೆ ಆ ಕಡೆ ಬಂದದ್ದನ್ನು ನಾನು ಕಾಣೆ.

ಆ ಭಾನುವಾರ ಕ್ಯಾಪ್ಟನ್ ಬಂದ. ಹೆಂಡತಿ ಕೂಸನ್ನೆತ್ತಿಕೊಂಡು ಗೇಟಿನ ಹತ್ತಿರ ನಿಂತಳು. ಅವನು ಗ್ರೀಸು ಹತ್ತಿದ ಅಂಗಿಯಲ್ಲೇ ನಡೆದು ಬಂದು ಹಗ್ಗದ ಪಕ್ಕ ನನ್ನ ಜೊತೆ ನಿಂತ. ಮುಖ ನೋಡಲಿಲ್ಲ. ಗುಂಡಿಯನ್ನೇ ನೋಡುತ್ತಿದ್ದ.

"ಆಡಿದ್ರೆ ಗೆದ್ದಿರ್ತಿದ್ವಿ ಸಾರ್," ಎಂದ.

"ಗೆದ್ದಿರ್ತಿದ್ವಿ," ಎಂದೆ.

"ಎರಡು ಗೋಲಿಂದ."

"ಹೂಂ."

"ಅವರ ಲೆಫ್ಟ್ ಬ್ಯಾಕ್ ಕುಂಟ್ತಾ ಇದ್ದ. ನಾನ್ ನೋಡ್ಕೊಂಡಿದ್ದೆ. ಆ ಕಡೆಯಿಂದಾನೇ ಹೊಡೀತಿದ್ದೆ." ಕಾಲಿನಿಂದ ಗಾಳಿಯಲ್ಲಿ ಮೆಲ್ಲಗೆ ಒದ್ದು ತೋರಿಸಿದ. "ಕೆಲ್ಸ ಕಾಯಂ ಆಗಿರ್ತಿತ್ತು ಸಾರ್ ನಂಗೆ. ಕ್ವಾರ್ಟರ್ಸ್ ಕೊಡ್ತೀನಿ ಅಂದಿದ್ರು."

ನನ್ನ ಮೇಲಿನ ಸಿಟ್ಟು ಅವನಿಗೆ ಹೋಗಿರಲಿಲ್ಲ. ಹೋಗಬೇಕೆಂದು ಕೇಳುವ ಹಕ್ಕು ನನಗಿದೆ ಎಂದೂ ಅನ್ನಿಸಲಿಲ್ಲ.

ಕಾದು ಬೇಸರವಾಗಿರಬೇಕು, ಅವನ ಹೆಂಡತಿ ಗೇಟು ಬಿಟ್ಟು ನಮ್ಮ ಕಡೆ ನಡೆದು ಬರತೊಡಗಿದಳು. ಕೂಸು ಅವಳ ಹೆಗಲ ಮೇಲಿತ್ತು. ಮೈದಾನದ ನಡುಗೆರೆಯನ್ನೂ ದಾಟಿರಲಿಲ್ಲ. ಕ್ಯಾಪ್ಟನ್ ತಿರುಗಿ ನೋಡಿದವನೇ ತಮಿಳಿನಲ್ಲಿ ಏನೋ ಕೂಗಿ ಓಡಿದ. ಅವನು ಅಷ್ಟು ಜೋರಾಗಿ ಓಡಿದ್ದನ್ನು ನಾನು ಯಾವ ಪಂದ್ಯದಲ್ಲೂ ನೋಡಿರಲಿಲ್ಲ. ಅವಳು ಅಲ್ಲೇ ನಿಂತುಬಿಟ್ಟಳು. ಅವನು ಅವಳೆದುರು ಹೋಗಿ ಎರಡೂ ಕೈ ಅಗಲಿಸಿ ನಿಂತ.

ಅವಳು ಗುಂಡಿಯ ಕಡೆ ಕೈ ತೋರಿಸಿ ಏನೋ ಕೇಳಿದಳು. ಅವನು ಬೇಡವೆಂದು ತಲೆಯಾಡಿಸಿದ. ಕೈ ಮಾತ್ರ ಇಳಿಸಲಿಲ್ಲ.